ಆಡಿನ ಬಂಡಿಯ ಜಾಡಿನಲ್ಲಿ

ಬಂಡಿ ಎಂದೊಡನೆ ನಮ್ಮ ಸೀಮೆಯವರ ಕಣ್ಣಮುಂದೆ ನಿಲ್ಲುವುದು ಎತ್ತಿನ ಜೋಡಿ. ಎತ್ತಿಗೆ ಚಕ್ಕಡಿ, ಕುದುರೆಗೆ ಟಾಂಗಾ, ಕತ್ತೆಗೆ ಬೆನ್ನ ಮೇಲಿನ ಹೊರೆ ಎಂದು ನಮ್ಮ ಹಿರಿಯರು ಒಂದೊಂದು ಪ್ರಾಣಿಗೆ ಒಂದೊಂದು ಕಾಯಕವನ್ನು ಹಂಚಿಕೊಟ್ಟಿದ್ದರು. ಆಡಿಗೆ ಮಾತ್ರ ಇಂಥ ದುಡಿಮೆಯ ಪಾಲು ಬರಲಿಲ್ಲ. ಅದು ಬಡವರ ಹಸು. ಕೂಸುಗಳಿಗೆ ಹಾಲು, ಹೊಲಕ್ಕೆ ಗೊಬ್ಬರ ಕೊಟ್ಟರೆ ಸಾಕಾಗಿತ್ತು. ಉಳಿದಂತೆ ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತಿಗೆ ತಕ್ಕಂತೆ ಬೇಲಿ ಹಾರುವುದು, ಗಿಡ ಮೇಯುವುದು, ಕರೆದರೆ ಬಾರದಿರುವುದು ಅದರ ಸ್ವಭಾವವೆಂದು ನಾವೆಲ್ಲರೂ ಒಪ್ಪಿಕೊಂಡಿದ್ದೇವೆ. ಇಂಥ ಆಡಿಗೆ ಪಟ್ಟಿ ಕಟ್ಟಿ, ಬಂಡಿ ಹೂಡಿ, ಅದರಲ್ಲಿ ಮಕ್ಕಳನ್ನು ಕೂರಿಸಿ ಓಡಿಸುತ್ತಾರೆಂದರೆ ನಮ್ಮ ಊರಿನ ಹಿರಿಯರು ನಕ್ಕಾರು.

ಆದರೆ ಪಶ್ಚಿಮದ ದೇಶಗಳಲ್ಲಿ ಇದು ಹಳೆಯ ಸಂಪ್ರದಾಯ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬ್ರೈಟನ್ ನಗರದ ಕಡಲ ದಂಡೆಯ ಮೇಲೆ ಆಡಿನ ಬಂಡಿಗಳು ಮಕ್ಕಳನ್ನು ಹೊತ್ತು ತಿರುಗುತ್ತಿದ್ದವು. ವಿಕ್ಟೋರಿಯಾ ರಾಣಿಯ ಮಕ್ಕಳೂ ಆಡಿನ ಬಂಡಿಯಲ್ಲಿ ಕುಳಿತು ಆಡಿದವರೇ. ಅಲ್ಲಿಂದ ಈ ಪದ್ಧತಿ ಅಮೆರಿಕೆಯಲ್ಲಿಯೂ ಬೇರೂರಿತು. ಅಮೆರಿಕೆಯ ಪ್ರವಾಸ ಕೈಗೊಂಡ ನಮಗೆ ನ್ಯೂಯಾರ್ಕ್, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಮತ್ತು ರಾಜಧಾನಿ ವಾಷಿಂಗ್ಟನ್ ಈ ಮೂರು ಕಡೆಗಳಲ್ಲಿ ಆಡಿನ ಬಂಡಿಯ ಜಾಡು ಕಾಣಸಿಕ್ಕಿತು. ಗಗನಚುಂಬಿ ಕಟ್ಟಡಗಳನ್ನೂ ಜಲಪಾತಗಳನ್ನೂ ಕುರಿತು ಬರೆದವರು ಬಹಳ ಮಂದಿ. ಆದುದರಿಂದ ಈ ಸಣ್ಣ ಬಂಡಿಯ ದೊಡ್ಡ ಕಥೆಯನ್ನು ನಮ್ಮ ಓದುಗ ಬಂಧುಗಳ ಮುಂದಿಡಲು ಬಯಸಿದ್ದೇವೆ.

ಉದ್ಯಾನದ ನೆರಳಿನಲ್ಲಿ

ನ್ಯೂಯಾರ್ಕ್ ನಗರದ ನಟ್ಟನಡುವೆ 843 ಎಕರೆಗಳಷ್ಟು ವಿಸ್ತಾರವಾಗಿ ಹಬ್ಬಿರುವ ಸೆಂಟ್ರಲ್ ಪಾರ್ಕ್ ಮನುಷ್ಯರೇ ರಚಿಸಿದ ಕಾಡು. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬ ಇಬ್ಬರು ಇದರ ವಿನ್ಯಾಸಕಾರರು. 1858ರಲ್ಲಿ ಇದರ ಮೊದಲ ಭಾಗ ಜನರಿಗೆ ತೆರೆಯಿತು. ಈ ಉದ್ಯಾನದಲ್ಲಿ 'ಮಾಲ್' ಎಂದು ಕರೆಯುವ ನೇರವಾದ, ಅಗಲವಾದ ಕಾಲುದಾರಿಯೊಂದಿದೆ. ಅದರ ಎರಡೂ ಬದಿಗೆ ಸಾಲಾಗಿ ನಿಂತ ಎಲ್ಮ್ ಮರಗಳು ಮೇಲೆ ಕೊಂಬೆಗೆ ಕೊಂಬೆ ಕೂಡಿಸಿ ದೊಡ್ಡ ಮಠದ ಕಮಾನಿನಂತೆ ಚಪ್ಪರ ಹಾಕಿವೆ. ದಾರಿಯ ಬದಿಗೆ ಶೇಕ್ಸ್‌ಪಿಯರ್, ಬರ್ನ್ಸ್, ಸ್ಕಾಟ್ ಮೊದಲಾದ ಸಾಹಿತಿಗಳ ಪ್ರತಿಮೆಗಳಿವೆ. ನಾವು ಹೋದಾಗ ಎಳೆಯ ತಾಯಂದಿರು ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಇದೇ ದಾರಿಯಲ್ಲಿ ನಡೆಯುತ್ತಿದ್ದರು.

ಒಂದು ನೂರು ವರ್ಷಗಳಿಗೂ ಹಿಂದೆ ಇದೇ ದಾರಿಯಲ್ಲಿ ಆಡಿನ ಬಂಡಿಗಳು ಓಡಾಡುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಮಕ್ಕಳು ಪುಡಿಗಾಸು ಕೊಟ್ಟು ಈ ಬಂಡಿಗಳಲ್ಲಿ ಸವಾರಿ ಮಾಡುತ್ತಿದ್ದರು. 1904ರ ಸುಮಾರಿಗೆ ತೆಗೆದ ಒಂದು ಛಾಯಾಚಿತ್ರ ಅಮೆರಿಕೆಯ ಸಂಸತ್ತಿನ ಗ್ರಂಥಾಲಯದಲ್ಲಿ ಭದ್ರವಾಗಿದೆ. ದೊಡ್ಡವರ ಸಾರೋಟನ್ನೇ ಕುಗ್ಗಿಸಿದಂತಿರುವ ಪುಟ್ಟ ಬಂಡಿಗಳು. ಅವುಗಳಲ್ಲಿ ಟೋಪಿ ಧರಿಸಿದ ಮಕ್ಕಳು. ಮುಂದೆ ಗಡ್ಡದ ಆಡುಗಳು. ಆ ಚಿತ್ರವನ್ನು ಕಂಡವರ ಮುಖದಲ್ಲಿ ನಗು ಮೂಡದಿರದು.

ಆದರೆ ಅದೇ ಉದ್ಯಾನದ ಇತಿಹಾಸದಲ್ಲಿ ನಗು ಬಾರದ ಸಂಗತಿಯೂ ಇದೆ. 1871ರಲ್ಲಿ ಇಲ್ಲಿ ಮಕ್ಕಳಿಗಾಗಿ ಗಿರಗಿಟ್ಟಲೆಯೊಂದನ್ನು ನಿಲ್ಲಿಸಿದರು. ಮರದ ಕುದುರೆಗಳ ಮೇಲೆ ಕುಳಿತ ಮಕ್ಕಳು ಸುತ್ತುತ್ತ ಕೇಕೆ ಹಾಕುತ್ತಿದ್ದರೆ, ನೆಲದ ಕೆಳಗಿನ ಕುಳಿಯಲ್ಲಿ ಜೀವಂತ ಕುದುರೆ ಮತ್ತು ಹೇಸರಗತ್ತೆಗಳು ಕತ್ತಲಲ್ಲಿ ನಡೆಯುತ್ತ ಆ ಚಕ್ರವನ್ನು ತಿರುಗಿಸುತ್ತಿದ್ದವು. ಮೇಲಿನವನು ಕಾಲಿನಿಂದ ನೆಲ ಬಡಿದರೆ ಕೆಳಗಿನ ಪ್ರಾಣಿಗಳು ನಡೆಯಬೇಕು. ಮತ್ತೆ ಬಡಿದರೆ ನಿಲ್ಲಬೇಕು. ಆನಂದ ಪಡುವ ಮಗುವಿಗೆ ದುಡಿಯುವ ಪ್ರಾಣಿ ಕಾಣುತ್ತಲೇ ಇರಲಿಲ್ಲ. ಇದನ್ನು ಕೇಳಿದಾಗ ಆಡಿನ ಬಂಡಿಯ ಒಂದು ಗುಣ ನಮಗೆ ಹೊಳೆಯಿತು. ಬಂಡಿಯಲ್ಲಿ ಕುಳಿತ ಮಗುವಿಗೆ ಎಳೆಯುವ ಜೀವ ಕಣ್ಣೆದುರಿಗೇ ಇರುತ್ತದೆ. ಅದರ ಏದುಸಿರು ಕೇಳುತ್ತದೆ, ಅದರ ಬೆನ್ನಿನ ನಡುಕ ಕಾಣುತ್ತದೆ. ನೋಡುವ ಕಣ್ಣಿದ್ದರೆ ದಯೆ ತಾನಾಗಿ ಹುಟ್ಟುತ್ತದೆ.

ಹಾಗೆ ನೋಡುವ ಕಣ್ಣನ್ನು ಆ ನಗರಕ್ಕೆ ಕೊಟ್ಟವರಲ್ಲಿ ಹೆನ್ರಿ ಬರ್ಗ್ ಎಂಬ ಮಹನೀಯರು ಮುಖ್ಯರು. ಬೀದಿಯಲ್ಲಿ ಕುದುರೆಗಳನ್ನು ಹೊಡೆಯುವುದನ್ನು ಕಂಡು ಸಹಿಸಲಾರದೆ ಅವರು 1866ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ಆ ರಾಜ್ಯದಲ್ಲಿ ಪ್ರಾಣಿಹಿಂಸೆಯ ವಿರುದ್ಧ ಹೊಸ ಕಾನೂನೂ ಬಂದಿತು. ಇಂದು ಮಾಲ್ ದಾರಿಯಲ್ಲಿ ಆಡಿನ ಬಂಡಿಗಳಿಲ್ಲ. ಆದರೆ ಅದೇ ಉದ್ಯಾನದ ಪೂರ್ವ ಭಾಗದಲ್ಲಿ, ಬಂಡೆಯೊಂದರ ಮೇಲೆ, ಬಾಲ್ಟೋ ಎಂಬ ನಾಯಿಯ ಕಂಚಿನ ಪ್ರತಿಮೆಯಿದೆ. 1925ರಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನಲ್ಲಿ ಮಕ್ಕಳಿಗೆ ಗಂಟಲಮಾರಿ ರೋಗ ತಗುಲಿದಾಗ, ಹಿಮದ ಮೇಲೆ ಜಾರುಬಂಡಿಗಳನ್ನೆಳೆದು ಔಷಧ ತಲುಪಿಸಿದ ನಾಯಿಗಳ ನೆನಪಿಗಾಗಿ ಅದೇ ವರ್ಷ ಅದನ್ನು ನಿಲ್ಲಿಸಿದರು. ಮಕ್ಕಳು ಹತ್ತಿ ಹತ್ತಿ ಅದರ ಬೆನ್ನು ಬಂಗಾರದಂತೆ ಹೊಳೆಯುತ್ತಿದೆ. ಬಂಡಿ ಎಳೆದ ಪ್ರಾಣಿಗೂ ಮಹಾಕವಿಗಳ ನೆರೆಯಲ್ಲಿ ಪ್ರತಿಮೆಯ ಗೌರವ ಸಂದಿರುವುದು ನಮಗೆ ಮೆಚ್ಚಿಗೆಯಾಯಿತು.

ಲ್ಯಾಂಕಾಸ್ಟರಿನ ಹೊಲಗಳ ನಡುವೆ

ನ್ಯೂಯಾರ್ಕಿನಿಂದ ಕಾರಿನಲ್ಲಿ ಸುಮಾರು 3 ಗಂಟೆ ಪಯಣಿಸಿದರೆ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಜಿಲ್ಲೆ. ನಗರದ ಗದ್ದಲ ಹಿಂದುಳಿದು ಏರುತಗ್ಗಿನ ಹೊಲಗಳು, ಧಾನ್ಯದ ಎತ್ತರದ ಹಗೇವುಗಳು, ದೊಡ್ಡ ದೊಡ್ಡ ಕೊಟ್ಟಿಗೆಗಳು ಎದುರಾಗುತ್ತವೆ. ನಾವು ಹೋದದ್ದು ಮೆಕ್ಕೆಜೋಳ ಕೊಯ್ಯುವ ಸೆಪ್ಟೆಂಬರ್ ತಿಂಗಳು. ಇದು ಆಮಿಷ್ ಎಂಬ ಕ್ರೈಸ್ತ ಪಂಗಡದವರ ನೆಲೆ. ಇವರ ಪೂರ್ವಜರು ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಕಡೆಯಿಂದ ಬಂದವರು. ಇಂದಿಗೂ ಮನೆಯಲ್ಲಿ ಜರ್ಮನ್ ಭಾಷೆಯ ಒಂದು ಒಳನುಡಿಯನ್ನೇ ಆಡುತ್ತಾರೆ. ಕಾರು ಇಟ್ಟುಕೊಳ್ಳುವುದಿಲ್ಲ, ಬೂದು ಬಣ್ಣದ ಕುದುರೆಗಾಡಿಯಲ್ಲಿ ಸಂಚರಿಸುತ್ತಾರೆ. ಹೊಲದಲ್ಲಿ ಹೇಸರಗತ್ತೆಗಳ ಸಾಲನ್ನು ಹೂಡಿ ಉಳುತ್ತಾರೆ. ಡಾಂಬರು ರಸ್ತೆಯ ಮೇಲೆ ಕಾರುಗಳ ಬದಿಯಲ್ಲಿಯೇ ಕುದುರೆಯ ಗೊರಸಿನ ಟಪಟಪ ಸದ್ದು ಕೇಳಿದಾಗ, ನಮ್ಮ ಬಾಲ್ಯದ ಸಂತೆಯ ದಾರಿ ನೆನಪಾಯಿತು. ಫೋಟೋ ತೆಗೆಸಿಕೊಳ್ಳುವುದು ಅವರಿಗೆ ಇಷ್ಟವಿಲ್ಲವೆಂದು ನಮ್ಮ ಅತಿಥೇಯರು ಮೊದಲೇ ತಿಳಿಸಿದ್ದರಿಂದ ನಾವು ಕ್ಯಾಮರಾವನ್ನು ಚೀಲದಲ್ಲಿಯೇ ಇರಿಸಿದೆವು.

ಈ ಜಿಲ್ಲೆಯಲ್ಲಿ ಆಮಿಷ್ ಅಲ್ಲದ ಒಕ್ಕಲು ಮನೆಗಳೂ ಸಾಕಷ್ಟಿವೆ. ಅಂಥ ಒಂದು ಮನೆಗೆ ನಮ್ಮ ಅತಿಥೇಯರು ಕರೆದೊಯ್ದರು. ಆ ಮನೆಯ ಯಜಮಾನಿ ಅರವತ್ತು ದಾಟಿದ ಅಜ್ಜಿ. ಹನ್ನೆರಡು ವರ್ಷದ ಮೊಮ್ಮಗಳಿಗೆ ಅವರು ಆಡಿಗೆ ಬಂಡಿ ಹೂಡುವುದನ್ನು ಕಲಿಸುತ್ತಿದ್ದರು. ಹುಡುಗಿ 'ನಾಲ್ಕು ಹೆಚ್' ಎಂಬ ಮಕ್ಕಳ ಸಂಘಕ್ಕೆ ಸೇರಿದವಳು. 1902ರಲ್ಲಿ ಒಹಾಯೋ ರಾಜ್ಯದ ಹಳ್ಳಿಯ ಮಕ್ಕಳಿಗಾಗಿ ಶಾಲೆಯ ಮೇಲಧಿಕಾರಿಯೊಬ್ಬರು ಆರಂಭಿಸಿದ ಕೂಟದಿಂದ ಬೆಳೆದ ಸಂಸ್ಥೆ ಇದು. ತಲೆ, ಹೃದಯ, ಕೈ, ಆರೋಗ್ಯ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರವೇ ಅದರ ಹೆಸರು. ಮಕ್ಕಳು ಕರು, ಕುರಿ, ಆಡುಗಳನ್ನು ತಾವೇ ಸಾಕಿ, ಅವುಗಳ ಮೇವಿನ ಲೆಕ್ಕ ಬರೆದು, ಜಿಲ್ಲೆಯ ಜಾತ್ರೆಯಲ್ಲಿ ತೋರಿಸುತ್ತಾರೆ. ಆಡಿಗೆ ಬಂಡಿ ಹೂಡುವುದೂ ಅಲ್ಲಿಯ ಒಂದು ಪಾಠ.

ಎದೆಪಟ್ಟಿಯ ಮರ್ಮ

ಕೊಟ್ಟಿಗೆಯಿಂದ ಹುಡುಗಿ ಹೊರತಂದ ಆಡನ್ನು ಕಂಡು ನಾವು ಬೆರಗಾದೆವು. ಆಲ್ಪೈನ್ ತಳಿಯ ನಾಲ್ಕು ವರ್ಷದ ಗಂಡು. ನಮ್ಮ ಸೊಂಟದ ಎತ್ತರ. ತೂಕ 80 ಕಿಲೋಗಿಂತ ಹೆಚ್ಚು. ನಮ್ಮಲ್ಲಿ ಹೋರಿಗೆ ಬೀಜ ಒಡೆಸಿ ಎತ್ತು ಮಾಡುವಂತೆ ಇವರೂ ಬಂಡಿಗೆ ಬೀಜ ಒಡೆಸಿದ ಗಂಡನ್ನೇ ಆರಿಸುತ್ತಾರೆ. ಬೀಜದ ಹೋತ ದುರ್ವಾಸನೆ ಬೀರುತ್ತದೆ, ಮದ ಬಂದಾಗ ಮಾತು ಕೇಳುವುದಿಲ್ಲ. ಹಾಲು ಕೊಡುವ ಹೆಣ್ಣಿಗೆ ಕೆಚ್ಚಲಿನ ಭಾರವೇ ಸಾಕು.

ಪಟ್ಟಿಗಳನ್ನು ಒಂದೊಂದಾಗಿ ತೊಡಿಸುತ್ತ ಅಜ್ಜಿ ನಮಗೆ ಅವುಗಳ ಉದ್ದೇಶವನ್ನು ವಿವರಿಸಿದರು. ಎತ್ತಿಗೆ ಹಿಣಿಲು ಇದೆ. ನೊಗ ಅದರ ಮುಂದೆ ಕುಳಿತು, ಎತ್ತು ಹೆಗಲಿನಿಂದ ನೂಕುತ್ತದೆ. ಆಡಿಗೆ ಹಿಣಿಲಿಲ್ಲ. ಅದರ ಕುತ್ತಿಗೆಯ ಮೇಲೆ ನೊಗ ಇಟ್ಟರೆ ನಿಲ್ಲದು. ಹಗ್ಗ ಕಟ್ಟಿ ಎಳೆಸಿದರೆ ಉಸಿರುಗಟ್ಟುತ್ತದೆ. ಆದುದರಿಂದ ಎದೆಗೆ ಅಡ್ಡಲಾಗಿ ಅಗಲವಾದ ಪಟ್ಟಿಯೊಂದನ್ನು ಕಟ್ಟುತ್ತಾರೆ. ಅದು ಮೇಲೆ ಸರಿದರೆ ಗಂಟಲ ನಾಳವನ್ನು ಒತ್ತುತ್ತದೆ. ಕೆಳಗೆ ಇಳಿದರೆ ಮುಂಗಾಲು ಆಡದಂತೆ ತಡೆಯುತ್ತದೆ. ಎರಡರ ನಡುವಿನ ಸರಿಯಾದ ಜಾಗ ನಾಲ್ಕು ಬೆರಳಿನಷ್ಟು ಮಾತ್ರ. ಈ ಎದೆಪಟ್ಟಿಯಿಂದ ಎರಡೂ ಪಕ್ಕಕ್ಕೆ ಹೊರಟ ಉದ್ದನೆಯ ಪಟ್ಟಿಗಳು ಬಂಡಿಗೆ ಸೇರುತ್ತವೆ. ಎಳೆತವೆಲ್ಲ ಇವುಗಳ ಮೇಲೆ. ಬೆನ್ನಿನ ಮೇಲಿನ ಮೆತ್ತೆ ಮತ್ತು ಹೊಟ್ಟೆಪಟ್ಟಿಗಳು ಬಂಡಿಯ ಎರಡು ಮೂಕಿಗಳನ್ನು ಹಿಡಿದಿರುತ್ತವೆ. ಹಿಂಭಾಗದಲ್ಲಿ ತೊಡೆಗಳನ್ನು ಬಳಸಿದ ಇನ್ನೊಂದು ಪಟ್ಟಿಯಿದೆ. ಇಳಿಜಾರಿನಲ್ಲಿ ಬಂಡಿ ಮುಂದಕ್ಕೆ ನುಗ್ಗಿ ಕಾಲಿಗೆ ಬಡಿಯದಂತೆ ಆಡು ತನ್ನ ಹಿಂಭಾಗವನ್ನು ಈ ಪಟ್ಟಿಗೆ ಒತ್ತಿ ಭಾರ ತಡೆಯುತ್ತದೆ. ಮೂಗುದಾರ ಇಲ್ಲ. ಮುಖಕ್ಕೆ ಹಾಕಿದ ಪಟ್ಟಿಯ ಎರಡು ಬದಿಗೆ ಹಗ್ಗ. ಬಾಯಿಯಲ್ಲಿ ಕಬ್ಬಿಣವೂ ಇಲ್ಲ.

ಕಲಿಕೆಯ ಮೆಟ್ಟಿಲುಗಳು

"ಮರಿಯಾಗಿದ್ದಾಗ ಬಾಟಲಿಯಿಂದ ಹಾಲು ಕುಡಿಸಿದವರ ಮಾತನ್ನು ಆಡು ಸಾಯುವತನಕ ಕೇಳುತ್ತದೆ" ಎಂದು ಅಜ್ಜಿ ಆರಂಭಿಸಿದರು. ಎರಡು ಮೂರು ತಿಂಗಳ ಮರಿಗೆ ಕೊರಳಪಟ್ಟಿ ಕಟ್ಟಿ ಜೊತೆಯಲ್ಲಿ ನಡೆಯಲು ಕಲಿಸುವುದು ಮೊದಲ ಮೆಟ್ಟಿಲು. ನಡೆ, ನಿಲ್ಲು, ಬಲಕ್ಕೆ, ಎಡಕ್ಕೆ, ಹಿಂದಕ್ಕೆ ಎಂಬ ಐದು ಮಾತುಗಳನ್ನು ಸದಾ ಒಂದೇ ಪದದಿಂದ, ಒಂದೇ ದನಿಯಲ್ಲಿ ಹೇಳಬೇಕು. ಮನೆಯಲ್ಲಿ ಒಬ್ಬರು ಒಂದು ಪದ, ಇನ್ನೊಬ್ಬರು ಬೇರೊಂದು ಪದ ಬಳಸಿದರೆ ಪ್ರಾಣಿ ಗೊಂದಲಕ್ಕೆ ಬೀಳುತ್ತದೆ.

ವರ್ಷ ತುಂಬಿದ ಮೇಲೆ ಪಟ್ಟಿಗಳ ಪರಿಚಯ. ಮೊದಲು ಅವುಗಳನ್ನು ಮೂಸಲು ಬಿಡುತ್ತಾರೆ. ಆಮೇಲೆ ಬೆನ್ನ ಮೇಲೆ ಸುಮ್ಮನೆ ಇಡುತ್ತಾರೆ. ಕೆಲವು ದಿನಗಳ ಬಳಿಕ ಬಿಗಿಯುತ್ತಾರೆ. ಮುಂದಿನದು ಹಿಂದಿನಿಂದ ನಡೆಸುವ ಪಾಠ. ಅಲ್ಲಿಯವರೆಗೆ ಆಡು ಮನುಷ್ಯನ ಬೆನ್ನು ಹತ್ತಿ ನಡೆದಿತ್ತು. ಈಗ ಮನುಷ್ಯ ಹಿಂದೆ, ಆಡು ಮುಂದೆ. ಹಿಂಡಿನ ಪ್ರಾಣಿಗೆ ಮುಂದಾಳಾಗಿ ನಡೆಯುವುದೇ ದೊಡ್ಡ ಅಂಜಿಕೆ. ಆದುದರಿಂದ ಉದ್ದ ಹಗ್ಗ ಹಿಡಿದು ದಿನವೂ ಹತ್ತು ಹದಿನೈದು ನಿಮಿಷ ಮಾತ್ರ ನಡೆಸುತ್ತಾರೆ. ಬೇಸರ ಬರುವ ಮುನ್ನವೇ ನಿಲ್ಲಿಸಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ.

ನಂತರ ಹಗುರವಾದ ಒಂದು ಕೊರಡನ್ನೋ ಹಳೆಯ ಟಯರನ್ನೋ ಎಳೆಸುತ್ತಾರೆ. ಹಿಂದೆ ಸರಸರ ಸದ್ದು ಮಾಡುತ್ತ ಬರುವ ವಸ್ತು ತನ್ನನ್ನು ಅಟ್ಟಿಸಿಕೊಂಡು ಬರುತ್ತಿಲ್ಲವೆಂಬ ಧೈರ್ಯ ಅದಕ್ಕೆ ಬರಬೇಕು. ಆಮೇಲೆ ಎರಡು ಪಕ್ಕಕ್ಕೆ ಪ್ಲಾಸ್ಟಿಕ್ ಕೊಳವೆಗಳನ್ನು ಕಟ್ಟಿ ನಡೆಸುತ್ತಾರೆ. ತಿರುಗುವಾಗ ಮೂಕಿ ಪಕ್ಕೆಗೆ ತಾಗುವುದು ಅಭ್ಯಾಸವಾಗಲೆಂದು. ಇಷ್ಟೆಲ್ಲ ಆದ ಮೇಲೆಯೇ ಬರಿಯ ಬಂಡಿ. ಆಗಲೂ ಒಬ್ಬರು ತಲೆಯ ಬಳಿ, ಒಬ್ಬರು ಹಿಂದೆ. ಎಲುಬು ಬಲಿಯುವ ಮೂರನೆಯ ವರ್ಷದವರೆಗೆ ಪೂರ್ಣ ಭಾರ ಹೇರುವುದಿಲ್ಲ. ಬಲಿತ ಆಡೂ ಸಮತಟ್ಟಾದ ಗಟ್ಟಿ ನೆಲದಲ್ಲಿ, ಬಂಡಿಯ ತೂಕವೂ ಸೇರಿ, ತನ್ನ ತೂಕದಷ್ಟು, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು ಎಳೆದರೆ ಸಾಕು. ಏರು ಬಂದರೆ ಮಕ್ಕಳು ಕೆಳಗಿಳಿದು ನಡೆಯಬೇಕು.

ಬಾರುಕೋಲು ಎಲ್ಲಿ ಎಂದು ನಾವು ಕೇಳಿದೆವು. ಅಜ್ಜಿ ನಕ್ಕರು. "ಹೊಡೆದರೆ ಕುದುರೆ ಓಡುತ್ತದೆ. ಆಡು ಮಲಗಿಬಿಡುತ್ತದೆ. ಅದು ಒಮ್ಮೆ ಮಲಗಿತೆಂದರೆ ಆ ದಿನದ ಪಾಠ ಮುಗಿಯಿತು. ಹೊಡೆದವರ ಕೈಯನ್ನು ಅದು ವರ್ಷಗಟ್ಟಲೆ ನೆನಪಿಡುತ್ತದೆ" ಎಂದರು.

ಇದು ಬರಿಯ ಅನುಭವದ ಮಾತಲ್ಲ. ಆಡುಗಳ ನೆನಪನ್ನೂ ತಿಳಿವಳಿಕೆಯನ್ನೂ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ್ದಾರೆ. ಸನ್ನೆ ಎಳೆದು, ಎತ್ತಿ ಹಣ್ಣು ತೆಗೆಯುವ ಪೆಟ್ಟಿಗೆಯ ಉಪಾಯವನ್ನು ಕಲಿತ ಆಡುಗಳು 10 ತಿಂಗಳ ಬಳಿಕವೂ ಅದನ್ನು ಮರೆತಿರಲಿಲ್ಲವೆಂದು 2014ರಲ್ಲಿ ಪ್ರಕಟಿಸಿದರು. ತನ್ನಿಂದಾಗದ ಕೆಲಸ ಎದುರಾದಾಗ ಆಡು ನಾಯಿಯಂತೆ ಮನುಷ್ಯನ ಮುಖ ನೋಡುತ್ತದೆಂದು 2016ರಲ್ಲಿ ತಿಳಿಸಿದರು. ಸಿಟ್ಟಿನ ಮುಖ ಮತ್ತು ನಗುಮುಖ ಎರಡರ ಚಿತ್ರಗಳನ್ನು ಇಟ್ಟರೆ ಆಡುಗಳು ನಗುಮುಖದ ಕಡೆಗೇ ಹೆಚ್ಚಾಗಿ ಹೋಗುತ್ತವೆಂಬುದು 2018ರಲ್ಲಿ ಹೊರಬಂದ ಫಲಿತಾಂಶ. ನಗುಮುಖದಿಂದ ಮಾತನಾಡಿಸಬೇಕೆಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರಿಗೆ ಮಾತ್ರವಲ್ಲವೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಅಜ್ಜಿ ಒತ್ತಿ ಹೇಳಿದರು. ಮಾತು ಕೇಳಿದ್ದಕ್ಕೆ ಒಂದು ಚಿಟಿಕೆ ಕಾಳು ಕೊಡಬಹುದು, ಹಿಡಿ ತುಂಬ ಕೊಡಬಾರದು. ಬೀಜ ಒಡೆಸಿದ ಗಂಡಿನ ಮೂತ್ರನಾಳ ಬಹಳ ಕಿರಿದು. ಕಾಳು ಹೆಚ್ಚಾದರೆ ಅದರಲ್ಲಿನ ರಂಜಕದಿಂದ ಹರಳು ಕಟ್ಟಿ ಮೂತ್ರ ನಿಂತು ಪ್ರಾಣಕ್ಕೇ ಅಪಾಯವಾಗುತ್ತದೆ. ಒಣಹುಲ್ಲು, ಸೊಪ್ಪು, ಶುದ್ಧ ನೀರು ಇವೇ ಅದರ ಆಹಾರ. ಕೊರಳು ತುರಿಸುವುದೇ ಅದಕ್ಕೆ ದೊಡ್ಡ ಬಹುಮಾನ. ಪ್ರೀತಿಯ ಹೆಸರಿನಲ್ಲಿ ಮಕ್ಕಳ ಕೈಗೆ ಸಿಹಿತಿಂಡಿಯ ಪೊಟ್ಟಣ ತುಂಬುವ ನಮ್ಮ ಮನೆಗಳಲ್ಲಿಯೂ ಈ ಮಾತನ್ನು ಕೇಳಬೇಕಾದವರಿದ್ದಾರೆ ಎನಿಸಿತು.

ಹುಡುಗಿ ಬಂಡಿ ಏರಿ ಮೆಲ್ಲಗೆ 'ನಡೆ' ಎಂದಳು. ಆಡು ಕಿವಿ ಹಿಂದಕ್ಕೆ ತಿರುಗಿಸಿ ದನಿ ಕೇಳಿ, ಎದೆ ಮುಂದೊತ್ತಿ, ಹೆಜ್ಜೆಯಿಟ್ಟಿತು. ಅಂಗಳ ದಾಟಿ ಸೇಬಿನ ತೋಟದ ದಾರಿ ಹಿಡಿದು, ಬಲಕ್ಕೆ ತಿರುಗಿ, ಒಂದು ಸುತ್ತು ಹಾಕಿ ಬಂದಿತು. ದಾರಿಯಲ್ಲಿ ಒಂದು ಪೊದೆ ಕಂಡಾಗ ಮಾತ್ರ ಅದರ ಹುಟ್ಟುಗುಣ ತಲೆಯೆತ್ತಿತು. ಹುಡುಗಿ ಹಗ್ಗ ಜಗ್ಗಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಅದೇ ದನಿಯಲ್ಲಿ 'ನಡೆ' ಎಂದಳು. ಎರಡು ಎಲೆ ಕಿತ್ತು ಅಗಿಯುತ್ತ ಆಡು ನಡೆಯಿತು. ಇಬ್ಬರ ಮಾನವೂ ಉಳಿಯಿತು.

ಗೋಡೆಯ ಮೇಲಿನ ಚಿತ್ರಗಳು

ಕಾಫಿಗೆಂದು ಒಳಗೆ ಕರೆದ ಅಜ್ಜಿಯ ಮನೆಯ ಗೋಡೆಯಲ್ಲಿ ಎರಡು ಹಳೆಯ ಚಿತ್ರಗಳಿದ್ದವು. ಒಂದು ಅವರ ತಂದೆಯದು. ಐದು ವರ್ಷದ ಹುಡುಗ ಆಡಿನ ಬಂಡಿಯಲ್ಲಿ ಹಗ್ಗ ಹಿಡಿದು ಗಂಭೀರವಾಗಿ ಕುಳಿತಿದ್ದಾನೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಛಾಯಾಗ್ರಾಹಕರು ಒಂದು ಆಡು, ಒಂದು ಬಂಡಿ, ಒಂದು ಕ್ಯಾಮರಾ ಇಟ್ಟುಕೊಂಡು ಬೀದಿಬೀದಿ ಅಲೆಯುತ್ತಿದ್ದರು. ಮನೆಯ ಮಕ್ಕಳನ್ನು ಬಂಡಿಯಲ್ಲಿ ಕೂರಿಸಿ ಚಿತ್ರ ತೆಗೆದು ತಾಯಂದಿರಿಗೆ ಮಾರುತ್ತಿದ್ದರು. ಅಮೆರಿಕೆಯ ಅಸಂಖ್ಯ ಕುಟುಂಬಗಳ ಆಲ್ಬಂಗಳಲ್ಲಿ ಇಂಥ ಚಿತ್ರಗಳಿವೆ. ನಮ್ಮ ಜಾತ್ರೆಗಳಲ್ಲಿ ಬಣ್ಣದ ಪರದೆಯ ಮುಂದೆ ಕೂರಿಸಿ ತೆಗೆದ ಮಕ್ಕಳ ಚಿತ್ರಗಳಿಗೆ ಇವು ಅಕ್ಕತಂಗಿಯರು.

ಇನ್ನೊಂದು, ಗಡ್ಡ ಬಿಟ್ಟ ಮುದುಕನೊಬ್ಬನ ಅಂಚೆ ಕಾರ್ಡು. ಆತ ಚೆಸ್ ಮೆಕಾರ್ಟ್ನಿ. ಜನರ ಬಾಯಲ್ಲಿ 'ಆಡಿನ ಮನುಷ್ಯ'. 1901ರಲ್ಲಿ ಐಯೋವಾ ರಾಜ್ಯದಲ್ಲಿ ಹುಟ್ಟಿ, ಜಾರ್ಜಿಯಾ ರಾಜ್ಯದ ಜೆಫರ್ಸನ್‌ವಿಲ್ ಎಂಬ ಊರನ್ನು ನೆಲೆ ಮಾಡಿಕೊಂಡು, ಆಡುಗಳ ಹಿಂಡು ಎಳೆಯುವ ಕಬ್ಬಿಣದ ಗಾಲಿಯ ಬಂಡಿಯಲ್ಲಿ ದಶಕಗಟ್ಟಲೆ ದಕ್ಷಿಣದ ರಾಜ್ಯಗಳ ರಸ್ತೆಗಳನ್ನು ಸುತ್ತಿದ. ತಾನು ಲಕ್ಷ ಮೈಲಿ ಸಂಚರಿಸಿರುವೆನೆಂದು ಹೇಳಿಕೊಳ್ಳುತ್ತಿದ್ದ. ಹೋದಲ್ಲೆಲ್ಲ ಧರ್ಮೋಪದೇಶ ಮಾಡುತ್ತಿದ್ದ. ತನ್ನ ಚಿತ್ರದ ಅಂಚೆ ಕಾರ್ಡುಗಳನ್ನು ಮಾರಿ, ಆಡಿನ ಹಾಲು ಕುಡಿದು ಬದುಕುತ್ತಿದ್ದ. ಮೋಟಾರುಗಳ ಯುಗದಲ್ಲಿ ಆತನ ಬಂಡಿ ಬಂದಿತೆಂದರೆ ಊರಿಗೆ ಊರೇ ರಸ್ತೆಬದಿಗೆ ಸೇರುತ್ತಿತ್ತು. 1998ರಲ್ಲಿ ಆತ ತೀರಿಕೊಂಡ. ಅವನ ವೇಗವೆಲ್ಲ ಆಡಿನ ಹೆಜ್ಜೆಯ ವೇಗ. ಜನ ನಿಂತು ಮಾತನಾಡಿಸಲು ಅಷ್ಟೇ ವೇಗ ಬೇಕಾಗಿತ್ತೇನೋ.

ಶ್ವೇತಭವನದ ಆಡುಗಳು

ಮರುದಿನ ವಾಷಿಂಗ್ಟನ್ ತಲುಪಿದೆವು. ಪೆನ್ಸಿಲ್ವೇನಿಯಾ ಅವೆನ್ಯೂ ಎಂಬ ಹೆದ್ದಾರಿಯಲ್ಲಿ ಅಧ್ಯಕ್ಷರ ನಿವಾಸವಾದ ಶ್ವೇತಭವನವಿದೆ. ನಾವು ಕಬ್ಬಿಣದ ಬೇಲಿಯ ಹೊರಗೆ ನಿಂತು ಹಸಿರು ಹಾಸನ್ನೂ ಬಿಳಿಯ ಕಂಬಗಳನ್ನೂ ನೋಡಿದೆವು. ಈ ಹಸಿರಿನ ಮೇಲೆ ಆಡುಗಳು ಮೆರೆದ ಕಾಲವಿತ್ತು.

ಅಬ್ರಹಾಂ ಲಿಂಕನ್ನರು ಅಧ್ಯಕ್ಷರಾಗಿದ್ದ 1861ರಿಂದ 1865ರವರೆಗಿನ ಕಾಲ ಆ ದೇಶದ ಅಂತರ್ಯುದ್ಧದ ಕಾಲ. 1862ರಲ್ಲಿ ಅವರ ಹನ್ನೊಂದು ವರ್ಷದ ಮಗ ವಿಲ್ಲಿ ಇದೇ ಭವನದಲ್ಲಿ ಜ್ವರದಿಂದ ತೀರಿಕೊಂಡ. ಉಳಿದ ಕಿರಿಯ ಮಗ ಟ್ಯಾಡ್‌ಗೆ ನ್ಯಾನಿ, ನ್ಯಾಂಕೋ ಎಂಬ ಎರಡು ಆಡುಗಳೇ ಒಡನಾಡಿಗಳು. ಆತ ಅವುಗಳನ್ನು ಕುರ್ಚಿಗೆ ಹೂಡಿ, ಅತಿಥಿಗಳು ನೆರೆದಿದ್ದ ದೊಡ್ಡ ಸಭಾಂಗಣದಲ್ಲಿಯೇ ಓಡಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. 1863ರ ಆಗಸ್ಟ್ ತಿಂಗಳಲ್ಲಿ, ಯುದ್ಧದ ಚಿಂತೆಯ ನಡುವೆಯೂ, ಊರಿಗೆ ಹೋಗಿದ್ದ ಪತ್ನಿಗೆ ಲಿಂಕನ್ನರು ಬರೆದ ಪತ್ರದಲ್ಲಿ ನ್ಯಾನಿ ಕಾಣೆಯಾದುದನ್ನು ಮಗನಿಗೆ ತಿಳಿಸಲು ಹೇಳಿದ್ದಾರೆ. ಸಾವಿರಾರು ಸೈನಿಕರ ಸಾವಿನ ವಾರ್ತೆ ಓದುತ್ತಿದ್ದ ಆ ಮಹಾನುಭಾವರಿಗೆ ಮಗನ ಆಡಿನ ಸುದ್ದಿಯೂ ಸಣ್ಣದಾಗಿರಲಿಲ್ಲ.

1889ರಿಂದ 1893ರವರೆಗೆ ಅಧ್ಯಕ್ಷರಾಗಿದ್ದ ಬೆಂಜಮಿನ್ ಹ್ಯಾರಿಸನ್ನರ ಕಾಲದಲ್ಲಿ ಮೊಮ್ಮಕ್ಕಳಿಗಾಗಿ 'ಮೀಸೆರಾಯ' ಎಂಬಂಥ ಅರ್ಥದ ಹೆಸರಿನ ಆಡೊಂದನ್ನು ಸಾಕಿದ್ದರು. ಅದಕ್ಕೆ ಬಂಡಿ ಹೂಡಿದ ಚಿತ್ರಗಳು ಇಂದಿಗೂ ಉಳಿದಿವೆ. ಒಂದು ದಿನ ಆ ಆಡು ಮಕ್ಕಳಿದ್ದ ಬಂಡಿಯೊಂದಿಗೆ ದ್ವಾರ ದಾಟಿ ರಸ್ತೆಗೆ ಓಡಿತಂತೆ. ಎತ್ತರದ ಟೋಪಿ ಧರಿಸಿದ್ದ ಅಧ್ಯಕ್ಷರೇ ಕೈಯಲ್ಲಿ ಕೋಲು ಬೀಸುತ್ತ ಅದರ ಬೆನ್ನಟ್ಟಿದರೆಂದು ಅಲ್ಲಿಯವರು ಇಂದಿಗೂ ನಗುತ್ತ ಹೇಳುತ್ತಾರೆ. ದೇಶವೆಲ್ಲ ಯಾರ ಅಪ್ಪಣೆಗೆ ಕಾದಿತ್ತೋ ಅವರ ಅಪ್ಪಣೆ ಒಂದು ಆಡಿಗೆ ತಾಕಲಿಲ್ಲ. ಲ್ಯಾಂಕಾಸ್ಟರಿನ ಹುಡುಗಿಯ ಮೆಲ್ಲನೆಯ ಮಾತಿಗೆ ನಡೆದ ಆಡು ನಮ್ಮ ಕಣ್ಣಮುಂದೆ ಬಂದಿತು. ಅಧಿಕಾರದಿಂದ ಆಗದ್ದು ದಿನದಿನದ ಒಡನಾಟದಿಂದ ಆಗುತ್ತದೆ.

ನಮ್ಮ ಅಂಗಳದ ಮಾತು

ನಮ್ಮ ಹಳ್ಳಿಗಳಲ್ಲಿ ಹೋರಿಗೆ ಗಳೆ ಕಲಿಸುತ್ತಿದ್ದ ಪದ್ಧತಿಯನ್ನು ನೆನೆದರೆ ಅಜ್ಜಿಯ ಪಾಠದ ಮೆಟ್ಟಿಲುಗಳೆಲ್ಲ ಅಲ್ಲಿಯೂ ಇದ್ದುವು. ಎಳೆಯ ಹೋರಿಯನ್ನು ಪಳಗಿದ ಹಿರಿಯ ಎತ್ತಿನ ಜೊತೆ ನೊಗಕ್ಕೆ ಕಟ್ಟುವುದು, ಮೊದಲು ಬರಿಯ ಕೊರಡು ಎಳೆಸುವುದು, ಆಮೇಲೆ ಮೆದು ಹೊಲದಲ್ಲಿ ಕುಂಟೆ, ಕಡೆಗೆ ಚಕ್ಕಡಿ. ಹೋರಿಯ ಮೈ ನೀವಿ, ಹೆಸರು ಹಿಡಿದು ಕರೆದು, ಅದರ ಹೆದರಿಕೆಯನ್ನು ಕಣ್ಣಿನಲ್ಲಿಯೇ ಓದಬಲ್ಲ ಹಿರಿಯರು ಊರಿಗೆ ಒಬ್ಬಿಬ್ಬರಾದರೂ ಇರುತ್ತಿದ್ದರು. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಊರೆಲ್ಲ ಮೆರೆಸುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಿದ್ದರು. ಜೋಳದ ದಂಟಿನ ಬೆಂಡಿನಿಂದ ಬಂಡಿ ಕಟ್ಟಿ ಆಡುತ್ತಿದ್ದರು.

ಇಂದು ಟ್ರ್ಯಾಕ್ಟರು ಹೊಲಕ್ಕೆ ಬಂದಿದೆ. ಒಕ್ಕಲಿಗನ ಬೆನ್ನಿನ ಭಾರ ಇಳಿದಿದೆ, ಇದನ್ನು ದೂರಲಾಗದು. ಎತ್ತಿನ ಜೋಡಿ ಸಾಕುವ ಖರ್ಚನ್ನು ಬಲ್ಲವರು ಯಾರೂ ಮತ್ತೆ ಹಳೆಯ ಕಾಲ ಬರಲೆಂದು ಹೇಳಲಾರರು. ಆದರೆ ಎತ್ತುಗಳೊಂದಿಗೆ ಅವುಗಳನ್ನು ಪಳಗಿಸುವ ವಿದ್ಯೆಯೂ ಹೊರಟುಹೋಗುತ್ತಿದೆ. ಆ ವಿದ್ಯೆ ಪುಸ್ತಕದಲ್ಲಿಲ್ಲ. ಅದು ಹಿರಿಯರ ಕೈಯಲ್ಲಿದೆ, ದನಿಯಲ್ಲಿದೆ. ಒಂದು ತಲೆಮಾರು ಕಲಿಯದಿದ್ದರೆ ಮುಂದಿನವರಿಗೆ ಕಲಿಸುವವರಿಲ್ಲ. ಯಂತ್ರಗಳಲ್ಲಿ ಮುಂದುವರಿದ ಅಮೆರಿಕೆಯಲ್ಲಿಯೇ ಒಬ್ಬ ಅಜ್ಜಿ, ಯಾವ ಲಾಭವೂ ಇಲ್ಲದೆ, ಒಂದು ಆಡಿನ ನೆಪದಲ್ಲಿ ಆ ವಿದ್ಯೆಯನ್ನು ಮೊಮ್ಮಗಳ ಕೈಗೆ ದಾಟಿಸುತ್ತಿರುವುದನ್ನು ನಾವು ಕಂಡೆವು. ಆ ಹುಡುಗಿ ಮುಂದೆ ಬಂಡಿ ಹೊಡೆಯದಿರಬಹುದು. ಆದರೆ ದನಿ ಏರಿಸದೆ ಮಾತು ಕೇಳಿಸುವುದನ್ನೂ ಎದುರಿನ ಜೀವಕ್ಕೆ ಎಷ್ಟು ಭಾರ ಸಾಕೆಂದು ತಿಳಿಯುವುದನ್ನೂ ಆಕೆ ಕಲಿತಿದ್ದಾಳೆ. ನಾಳೆ ಮನೆ ನಡೆಸುವಾಗಲೂ, ಹತ್ತು ಜನರಿಂದ ಕೆಲಸ ಮಾಡಿಸುವಾಗಲೂ ಇದೇ ವಿದ್ಯೆ ಆಕೆಗೆ ಬೇಕಾಗುತ್ತದೆ.

ನಮ್ಮ ಓದುಗರ ಮನೆಗಳಲ್ಲಿ ಇನ್ನೂ ಎತ್ತಿನ ಜೋಡಿ ಉಳಿದಿದ್ದರೆ, ರಜೆಗೆ ಬಂದ ಮೊಮ್ಮಕ್ಕಳನ್ನು ಒಮ್ಮೆ ಅಜ್ಜನ ಬದಿಗೆ ನಿಲ್ಲಿಸಿರಿ. ಜತ್ತಿಗೆ ಕಟ್ಟುವುದು ಹೇಗೆ, ಹೆಗಲು ಹುಣ್ಣಾಗದಂತೆ ನೊಗವನ್ನು ಎಲ್ಲಿ ಇಡಬೇಕು ಎಂಬುದನ್ನು ಅವರು ಕೈಯಿಂದ ಮುಟ್ಟಿ ತಿಳಿಯಲಿ. ಎತ್ತು ಇಲ್ಲದ ಮನೆಯಾದರೆ ಹಿತ್ತಲಿನ ಆಡಿನ ಮರಿಯೇ ಸಾಕು. ಅದಕ್ಕೆ ಬಂಡಿ ಹೂಡಲೇಬೇಕೆಂದಿಲ್ಲ. ಕರೆದರೆ ಬರುವಂತೆ, ನಿಲ್ಲೆಂದರೆ ನಿಲ್ಲುವಂತೆ, ಹೊಡೆಯದೆ ಕಲಿಸಲಿ. ಕಲಿಸಿ ಮುಗಿಯುವಷ್ಟರಲ್ಲಿ ಮಕ್ಕಳೂ ಬಹಳಷ್ಟನ್ನು ಕಲಿತಿರುತ್ತಾರೆ.